ನುಡಿ ವಿಚಾರ: ಆಡುವ ಕನ್ನಡ, ಬರೆಯುವ ಕನ್ನಡ

ಪ್ರಶ್ನೆ: ನಾನು ಚಾಮರಾಜನಗರ ಜಿಲ್ಲೆಯ ಹಳ್ಳಿಯೊಂದರ ಶಾಲೆಯಲ್ಲಿ ಮೂರನೆಯ ತರಗತಿಗೆ ಪಾಠ ಮಾಡುತ್ತೇನೆ. ಮಕ್ಕಳು ‘ಹಾಲು’ ಎಂದು ಬರೆಯಬೇಕಾದ ಕಡೆ ‘ಆಲು’ ಎಂದೂ ‘ಹೋಗುತ್ತಾನೆ’ ಎಂಬುದನ್ನು ‘ಓಯ್ತಾನೆ’ ಎಂದೂ ಬರೆಯುತ್ತಾರೆ. ಎಷ್ಟು ತಿದ್ದಿದರೂ ಮತ್ತೆ ಅದೇ ತಪ್ಪು. ಇವರ ಮನೆಯ ಮಾತೇ ಕೆಟ್ಟಿದೆ, ಮೊದಲು ಅದನ್ನು ಬಿಡಿಸಿ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ನಾನು ಏನು ಮಾಡಬೇಕು?

ಉತ್ತರ: ಮಕ್ಕಳ ಬರಹವನ್ನು ತಿದ್ದಿ, ಅದು ನಿಮ್ಮ ಕೆಲಸ. ಮಾತನ್ನು ಬಿಡಿಸಲು ಹೋಗಬೇಡಿ. ಇವೆರಡೂ ಬೇರೆ ಬೇರೆ ಕೆಲಸಗಳು ಎನ್ನುವುದಕ್ಕೆ ನೀವೇ ಕೊಟ್ಟಿರುವ ‘ಹಾಲು’ ಎಂಬ ಪದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ, ಆದ್ದರಿಂದ ಅದರ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ಹಳಗನ್ನಡದಲ್ಲಿ ಈ ಪದ ‘ಪಾಲ್’ ಎಂದಿತ್ತು. ತಮಿಳಿನಲ್ಲಿ ಇಂದಿಗೂ ಅದು ‘ಪಾಲ್’, ತೆಲುಗಿನಲ್ಲಿ ‘ಪಾಲು’. ಸುಮಾರು ಹತ್ತನೆಯ ಶತಮಾನದಿಂದೀಚೆಗೆ ಕನ್ನಡದ ಪದಗಳ ಮೊದಲಲ್ಲಿದ್ದ ಪಕಾರ ನಿಧಾನವಾಗಿ ಹಕಾರವಾಗತೊಡಗಿತು. ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೋಗು ಹೋಗು ಎಂದಾಯಿತು. ಕೇಶಿರಾಜನು ಹದಿಮೂರನೆಯ ಶತಮಾನದಲ್ಲಿ ತನ್ನ ವ್ಯಾಕರಣವನ್ನು ಬರೆಯುವ ಹೊತ್ತಿಗೆ ಎರಡೂ ರೂಪಗಳು ಬಳಕೆಯಲ್ಲಿದ್ದವು. ಅಂದಿನ ಪಂಡಿತರ ಕಿವಿಗೆ ‘ಪಾಲ್’ ಎಂಬುದು ಘನವಾಗಿಯೂ ‘ಹಾಲು’ ಎಂಬುದು ಹಗುರವಾಗಿಯೂ ಕೇಳಿಸಿರಬೇಕು. ಕೊನೆಗೆ ಗೆದ್ದದ್ದು ಜನರ ಬಾಯಿ. ಇಂದು ನಾವು ಪಾಠಪುಸ್ತಕದಲ್ಲಿ ಅಚ್ಚುಮಾಡಿ, ಶುದ್ಧವೆಂದು ಕಲಿಸುವ ‘ಹಾಲು’ ಒಂದು ಕಾಲದ ಆಡುಮಾತೇ.

ಆ ಬದಲಾವಣೆ ಅಲ್ಲಿಗೆ ನಿಲ್ಲಲಿಲ್ಲ. ಹಕಾರವೆಂದರೆ ಗಂಟಲಿನಿಂದ ಬರುವ ಬರಿಯ ಉಸಿರು. ಅದು ಬಲು ಬೇಗ ಸವೆಯುತ್ತದೆ. ನಿಮ್ಮ ಸೀಮೆಯಲ್ಲಿ ಅದು ಪೂರ್ತಿ ಸವೆದು ‘ಆಲು’ ಆಗಿದೆ, ‘ಓಗು’ ಆಗಿದೆ, ‘ಊವು’ ಆಗಿದೆ. ಪಾಲ್, ಹಾಲು, ಆಲು ಇವು ಒಂದೇ ದಾರಿಯ ಮೂರು ಹೆಜ್ಜೆಗಳು. ಎರಡನೆಯ ಹೆಜ್ಜೆಯಲ್ಲಿ ನಿಂತವರು ಮೂರನೆಯ ಹೆಜ್ಜೆ ಇಟ್ಟವರನ್ನು ಕೆಟ್ಟವರೆನ್ನುವುದಾದರೆ, ಮೊದಲನೆಯ ಹೆಜ್ಜೆಯಲ್ಲಿಯೇ ನಿಂತಿರುವ ತಮಿಳರು ನಮ್ಮೆಲ್ಲರನ್ನೂ ಹಾಗೆಯೇ ಅನ್ನಬಹುದು. ಸ್ಪ್ಯಾನಿಷ್ ಭಾಷೆಯಲ್ಲಿಯೂ ಇಂಥದೇ ಸಂಗತಿ ನಡೆದಿದೆ: ಲ್ಯಾಟಿನ್ನಿನ ಹಲವು ಪದಗಳ ಮೊದಲಲ್ಲಿದ್ದ ಫಕಾರ ಅಲ್ಲಿ ಹಕಾರವಾಗಿ, ಆಮೇಲೆ ಉಚ್ಚಾರಣೆಯಿಂದಲೇ ಮಾಯವಾಯಿತು. ಬರಹದಲ್ಲಿ ಮಾತ್ರ ಅದರ ಅಕ್ಷರ ಉಳಿದಿದೆ. ಅವರು ಬರೆಯುವಾಗ ಅಕ್ಷರವನ್ನು ಇಡುತ್ತಾರೆ, ಓದುವಾಗ ಬಿಡುತ್ತಾರೆ. ಅದನ್ನು ಅಲ್ಲಿ ಯಾರೂ ತಪ್ಪೆನ್ನುವುದಿಲ್ಲ.

ಹಳೆಯ ಪಕಾರದ ಗುರುತನ್ನು ಮಕ್ಕಳಿಗೆ ತೋರಿಸುವುದೂ ಕಷ್ಟವಲ್ಲ. ಅವರಿಗೆ ಎಣಿಕೆ ಬರುತ್ತದೆಯಲ್ಲವೇ? ‘ಹತ್ತು’ ಎನ್ನುತ್ತೇವೆ, ಆದರೆ ಇಪ್ಪತ್ತು, ಎಪ್ಪತ್ತು ಎನ್ನುವಾಗ ಒಳಗೆ ‘ಪತ್ತು’ ಹಾಗೆಯೇ ಕುಳಿತಿದೆ. ಪಕಾರ ಒತ್ತಾದಲ್ಲಿ ಬದಲಾಗಲಿಲ್ಲ. ಅಪ್ಪ, ಉಪ್ಪು ಉಳಿದದ್ದೂ ಅದೇ ಕಾರಣಕ್ಕೆ. ಒಂಬತ್ತು, ಎಂಬತ್ತು, ತೊಂಬತ್ತುಗಳಲ್ಲಿ ಅದು ಅನುನಾಸಿಕದ ಪಕ್ಕದಲ್ಲಿ ಬಕಾರವಾಗಿದೆ, ನಲವತ್ತು ಐವತ್ತುಗಳಲ್ಲಿ ವಕಾರವಾಗಿದೆ. ಒಂದರಿಂದ ನೂರರವರೆಗಿನ ಮಗ್ಗಿಯಲ್ಲಿ ಸಾವಿರ ವರ್ಷದ ಚರಿತ್ರೆ ಇದೆ ಎಂದು ಗೊತ್ತಾದಾಗ ಮಕ್ಕಳ ಕಣ್ಣು ಅರಳುವುದನ್ನು ನಾನು ಕಂಡಿದ್ದೇನೆ.

ಮನೆಯ ಮಾತನ್ನು ಬಿಡಿಸಹೊರಟರೆ ಏನಾಗುತ್ತದೆ ಎನ್ನುವುದನ್ನೂ ನೀವು ಗಮನಿಸಿರಬಹುದು. ಹಕಾರ ಬಿಟ್ಟದ್ದಕ್ಕೆ ಪದೇ ಪದೇ ಬೈಸಿಕೊಂಡ ಮಗು ಅದು ಬೇಡದ ಕಡೆಯಲ್ಲಿಯೂ ಸೇರಿಸತೊಡಗುತ್ತದೆ. ‘ಆನೆ’ ಹೋಗಿ ‘ಹಾನೆ’ ಆಗುತ್ತದೆ, ‘ಅಕ್ಕಿ’ ಹೋಗಿ ‘ಹಕ್ಕಿ’ ಆಗುತ್ತದೆ. ಇದು ಆ ಮಗುವಿನ ಮನೆಯ ಮಾತೂ ಅಲ್ಲ, ಪುಸ್ತಕದ ಮಾತೂ ಅಲ್ಲ, ಹೆದರಿಕೆಯ ಮಾತು. ನಾನೂ ಅಂಥದೇ ಮನೆಯಿಂದ ಬಂದವನು. ಎರಡನೆಯ ತರಗತಿಯಲ್ಲಿ ‘ನಮ್ಮಪ್ಪ ಊರ್ಗೆ ಓಗವ್ರೆ’ ಎಂದು ಹೇಳಿದಾಗ ಮೇಷ್ಟರು ಇಡೀ ತರಗತಿಯೆದುರು ಅದನ್ನು ಮೂರು ಸಲ ನನ್ನಿಂದ ಹೇಳಿಸಿ ನಗಿಸಿದರು. ಆಮೇಲೆ ಬಹಳ ಕಾಲ ನಾನು ತರಗತಿಯಲ್ಲಿ ಕೈಯೆತ್ತಲಿಲ್ಲ. ಉತ್ತರ ಗೊತ್ತಿರುತ್ತಿತ್ತು, ಹೇಳುವ ಮಾತು ಸರಿಯಿದೆಯೋ ಇಲ್ಲವೋ ಎಂಬ ಅಂಜಿಕೆ ಬಾಯಿ ಕಟ್ಟಿಹಾಕುತ್ತಿತ್ತು. ಆದ್ದರಿಂದ ಈ ವಿಷಯದಲ್ಲಿ ನಾನು ನಿಷ್ಪಕ್ಷಪಾತಿಯಲ್ಲ.

ನೀವು ಮಾಡಬಹುದಾದದ್ದು ಇಷ್ಟು. ಹಲಗೆಯ ಮೇಲೆ ನಡುವೆ ಒಂದು ಗೆರೆ ಎಳೆಯಿರಿ. ಒಂದು ಕಡೆ ‘ನಾವು ಅನ್ನೋದು’ ಎಂದೂ ಇನ್ನೊಂದು ಕಡೆ ‘ಪುಸ್ತಕದಲ್ಲಿ ಬರೆಯೋದು’ ಎಂದೂ ಬರೆಯಿರಿ. ಮಕ್ಕಳು ಹೇಳಿದ ಮಾತನ್ನು ಹೇಳಿದಂತೆಯೇ ಮೊದಲ ಕಡೆಯಲ್ಲಿ ಬರೆದು, ಅದರ ಎದುರಿನ ರೂಪವನ್ನು ಅವರಿಂದಲೇ ಹುಡುಕಿಸಿ. ‘ಓಯ್ತಾನೆ’ ಎದುರಿಗೆ ‘ಹೋಗುತ್ತಾನೆ’, ‘ಬತ್ತಾನೆ’ ಎದುರಿಗೆ ‘ಬರುತ್ತಾನೆ’. ಹೀಗೆ ಹತ್ತು ದಿನ ಮಾಡಿದರೆ, ಒಂದರಿಂದ ಇನ್ನೊಂದಕ್ಕೆ ಹೋಗುವ ಕ್ರಮ ಅವರಿಗೆ ತಾನಾಗಿಯೇ ಹೊಳೆಯುತ್ತದೆ. ಎಲ್ಲಿ ಹಕಾರ ಬರೆಯಬೇಕೆಂಬುದು ಕಣ್ಣಿಗೆ ರೂಢಿಯಾಗುತ್ತದೆ. ನಿಮ್ಮ ಸಹೋದ್ಯೋಗಿಯವರಿಗೂ ಆ ಹಲಗೆಯನ್ನು ತೋರಿಸಿ.

ಪ್ರಶ್ನೆ: ಪುಸ್ತಕದ ಕನ್ನಡವನ್ನು ಯಾರ ಮನೆಯಲ್ಲಿಯೂ ಆಡುವುದಿಲ್ಲ. ಹಾಗಿದ್ದಮೇಲೆ ಅದು ಯಾರ ಕನ್ನಡ? ಮೈಸೂರು ಸೀಮೆಯವರು ತಮ್ಮ ಮಾತನ್ನೇ ಶಿಷ್ಟ ಕನ್ನಡವೆಂದು ನಮ್ಮ ಮೇಲೆ ಹೇರಿದರು ಎಂದು ನಮ್ಮ ಕಡೆ ಹೇಳುವುದುಂಟು. ನಿಜವೇ? (ಬಾಗಲಕೋಟೆಯ ಓದುಗರೊಬ್ಬರು)

ಉತ್ತರ: ಅರ್ಧ ನಿಜ. ಮೈಸೂರಿನವರೂ ಮನೆಯಲ್ಲಿ ‘ನಾನು ಮನೆಯಲ್ಲಿ ಇರುತ್ತೇನೆ’ ಎನ್ನುವುದಿಲ್ಲ, ‘ನಾನು ಮನೇಲಿರ್ತೀನಿ’ ಎನ್ನುತ್ತಾರೆ. ನಿಮ್ಮ ಕಡೆ ‘ನಾ ಮನ್ಯಾಗ ಇರ್ತೀನಿ’ ಎನ್ನುತ್ತೀರಿ. ಎರಡೂ ಬರಹದಿಂದ ದೂರವೇ. ಆದರೆ ಯಾವುದು ಎಷ್ಟು ದೂರ ಎಂದು ಅಳೆದರೆ, ‘ಅಲ್ಲಿ’ ಎಂಬ ಪ್ರತ್ಯಯವನ್ನು ಮೈಸೂರಿನ ಮಾತು ಕುಗ್ಗಿಸಿಯಾದರೂ ಇಟ್ಟುಕೊಂಡಿದೆ. ನಿಮ್ಮ ಮಾತಿನಲ್ಲಿ ಅದರ ಜಾಗದಲ್ಲಿ ‘ಒಳಗೆ’ ಎಂಬುದರಿಂದ ಬಂದ ‘ಆಗ’ ಇದೆ. ಆದಕಾರಣ ಶಾಲೆಗೆ ಬಂದ ಮೈಸೂರಿನ ಮಗುವಿಗಿಂತ ಬಾಗಲಕೋಟೆಯ ಮಗು ಒಂದು ಹೆಜ್ಜೆ ಹೆಚ್ಚು ನಡೆಯಬೇಕಾಗುತ್ತದೆ. ನಿಮ್ಮ ಕಡೆಯವರ ದೂರಿನಲ್ಲಿರುವ ಸತ್ಯ ಅದು, ಅದನ್ನು ತಳ್ಳಿಹಾಕಬಾರದು.

ಆದರೆ ಬರಹದ ಕನ್ನಡ ಒಂದೇ ಊರಿನ ಅಂಗಳದಲ್ಲಿ ಹುಟ್ಟಿದ್ದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ, ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡ ನಾಡು ಹರಡಿದೆ ಎಂದು ಹೇಳಿ, ಅದರ ತಿರುಳಿನ ಕನ್ನಡ ಇರುವುದು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನಲ್ಲಿ ಎಂದು ಗುರುತಿಸುತ್ತದೆ. ಕಿಸುವೊಳಲು ಎಂದರೆ ನಿಮ್ಮ ಜಿಲ್ಲೆಯದೇ ಆದ ಪಟ್ಟದಕಲ್ಲು, ಕೊಪಣ ಇಂದಿನ ಕೊಪ್ಪಳ, ಪುಲಿಗೆರೆ ಲಕ್ಷ್ಮೇಶ್ವರ, ಒಂಕುಂದ ಬೆಳಗಾವಿ ಜಿಲ್ಲೆಯ ಒಕ್ಕುಂದ. ಅಂದರೆ ಆ ಕಾಲಕ್ಕೆ ಮಾದರಿಯೆನಿಸಿದ್ದು ಉತ್ತರದ ಕನ್ನಡವೇ ಹೊರತು ದಕ್ಷಿಣದ್ದಲ್ಲ. ಕನ್ನಡಗಳು ಎಷ್ಟೊಂದಿವೆಯೆಂದರೆ ಸರ್ಪರಾಜ ವಾಸುಕಿಗೂ ಅವುಗಳ ಲೆಕ್ಕ ಸಿಕ್ಕದೆ ಬೇಸರವಾದೀತು ಎಂಬ ಅರ್ಥದ ಮಾತೂ ಅದೇ ಗ್ರಂಥದಲ್ಲಿದೆ. ಹನ್ನೊಂದು ಶತಮಾನಗಳ ಹಿಂದೆಯೇ ‘ಕನ್ನಡಂಗಳ್’ ಎಂದು ಬಹುವಚನದಲ್ಲಿ ಕರೆದ ಆ ತಿಳಿವು ನನಗೆ ಬಹಳ ಪ್ರಿಯವಾದದ್ದು.

ಇಂದಿನ ಬರಹದ ರೂಪ ನೆಲೆಗೊಂಡದ್ದು ಹತ್ತೊಂಬತ್ತನೆಯ ಮತ್ತು ಇಪ್ಪತ್ತನೆಯ ಶತಮಾನಗಳಲ್ಲಿ, ಮುದ್ರಣ ಮತ್ತು ಶಾಲೆಗಳ ಮೂಲಕ. 1843ರಲ್ಲಿ ಮೊದಲ ಕನ್ನಡ ಪತ್ರಿಕೆ ಹೊರಟದ್ದು ಮಂಗಳೂರಿನಿಂದ. ಆ ಕಾಲದಲ್ಲಿ ಕನ್ನಡಿಗರು ಮುಂಬಯಿ ಪ್ರಾಂತ್ಯ, ಮದರಾಸು ಪ್ರಾಂತ್ಯ, ಹೈದರಾಬಾದ್ ಸಂಸ್ಥಾನ, ಮೈಸೂರು ಸಂಸ್ಥಾನ, ಕೊಡಗು ಎಂದು ಹಂಚಿಹೋಗಿದ್ದರು; ಒಂದು ಕಡೆಯ ಪಠ್ಯಪುಸ್ತಕ ಇನ್ನೊಂದು ಕಡೆಯವರಿಗೆ ಸಲೀಸಾಗಿ ಓದಿಸಿಕೊಳ್ಳುತ್ತಿರಲಿಲ್ಲ. 1915ರಲ್ಲಿ ಹುಟ್ಟಿದ ಸಾಹಿತ್ಯ ಪರಿಷತ್ತಿನ ಮುಂದಿದ್ದ ದೊಡ್ಡ ಚಿಂತೆಗಳಲ್ಲಿ ಇದೂ ಒಂದು. ಎಲ್ಲರೂ ಒಪ್ಪಬಹುದಾದ ಒಂದು ಬರಹ ಬೇಕೆಂದಾಗ, ಯಾರ ಮಾತಿನಲ್ಲಿಯೂ ಪೂರ್ತಿಯಾಗಿ ಇಲ್ಲದ, ಎಲ್ಲರಿಗೂ ಪರಿಚಿತವಾದ ಹಳೆಯ ತುಂಬು ರೂಪಗಳನ್ನು ಆರಿಸಿಕೊಂಡರು. ‘ಮಾಡುತ್ತೇನೆ’ ಎಂಬುದರಿಂದ ‘ಮಾಡ್ತೀನಿ’ಗೂ ‘ಮಾಡ್ತೇನೆ’ಗೂ ಹೋಗಬಹುದು, ‘ಮಾಡ್ತೀನಿ’ ಎಂದೇ ಬರೆದಿದ್ದರೆ ಕರಾವಳಿಯವರಿಗೆ ಅದು ಹೊರಗಿನದಾಗುತ್ತಿತ್ತು. 1956ರಲ್ಲಿ ರಾಜ್ಯ ಒಂದಾದಾಗ ರಾಜಧಾನಿ ಬೆಂಗಳೂರಿನಲ್ಲಿಯೇ ಉಳಿಯಿತು, ಪತ್ರಿಕೆ, ಆಕಾಶವಾಣಿ, ಸಿನಿಮಾಗಳ ಬಲವೂ ಹೆಚ್ಚಾಗಿ ಅಲ್ಲಿಯೇ ಸೇರಿತು, ತಕ್ಕಡಿ ಆ ಕಡೆಗೆ ವಾಲಿತು. ಹೇರಿಕೆ ಎನ್ನುವುದಕ್ಕಿಂತ ಇದನ್ನು ವಾಲಿಕೆ ಎನ್ನುವುದು ಹೆಚ್ಚು ಸರಿ ಎಂದು ನನಗೆ ತೋರುತ್ತದೆ.

ಇನ್ನೊಂದು ಮಾತನ್ನು ಸೇರಿಸಬೇಕು. ಬರಹ ಮರೆತದ್ದನ್ನು ಎಷ್ಟೋ ಸಲ ಆಡುಮಾತು ಉಳಿಸಿಕೊಂಡಿರುತ್ತದೆ. ಹಳಗನ್ನಡದಲ್ಲಿ ‘ನಾನು’ ಎಂಬುದಕ್ಕೆ ‘ಆನ್’, ‘ಆಂ’ ಎಂದಿತ್ತು. ಹನ್ನೆರಡನೆಯ ಶತಮಾನದ ವಚನಗಳಲ್ಲಿ ‘ಎನಗೆ’, ‘ಎನ್ನ’ ಎಂಬ ರೂಪಗಳು ಹೆಜ್ಜೆಹೆಜ್ಜೆಗೆ ಸಿಗುತ್ತವೆ. ಬರಹದ ಗದ್ಯದಿಂದ ಇವೆಲ್ಲ ಹೋಗಿ ಎಷ್ಟೋ ಕಾಲವಾಯಿತು. ದಕ್ಷಿಣ ಕನ್ನಡದ ಹವ್ಯಕರ ಮನೆಯೊಂದಕ್ಕೆ ಹೋಗಿ ನೋಡಿ: ‘ಆನು’, ‘ಎನಗೆ’, ‘ಎನ್ನ’ ಎಂದೇ ಅಲ್ಲಿ ಇಂದು ಬೆಳಿಗ್ಗೆಯೂ ಮಾತನಾಡಿದ್ದಾರೆ. ಆಡುಮಾತೆಂದರೆ ಕೆಟ್ಟ ಬರಹ ಎನ್ನುವವರು ಇದಕ್ಕೆ ಏನು ಹೇಳುತ್ತಾರೆ?

ಪ್ರಶ್ನೆ: ವಿಜಯಪುರದಿಂದ ಬೆಂಗಳೂರಿಗೆ ಕೆಲಸಕ್ಕೆ ಬಂದೆ. ಜ್ವರ ಬಂದಿದ್ದಾಗ ಫೋನಿನಲ್ಲಿ ‘ನಾ ಇವತ್ತ ಬರಂಗಿಲ್ರೀ’ ಎಂದೆ. ‘ಯಾಕೆ, ಬರಬಾರದು ಅಂತ ಯಾರು ಹೇಳಿದರು?’ ಎಂದು ಮೇಲಧಿಕಾರಿಗಳು ಕೇಳಿದರು. ನನಗೆ ಅರ್ಥವಾಗಲಿಲ್ಲ. ಇಬ್ಬರೂ ಆಡಿದ್ದು ಕನ್ನಡವೇ ಅಲ್ಲವೇ?

ಉತ್ತರ: ಇಬ್ಬರೂ ಆಡಿದ್ದು ಕನ್ನಡವೇ, ಇಬ್ಬರೂ ತಮ್ಮ ತಮ್ಮ ವ್ಯಾಕರಣವನ್ನು ತಪ್ಪದೆ ಪಾಲಿಸಿದ್ದೀರಿ, ತೊಡಕು ಹುಟ್ಟಿದ್ದು ಅಲ್ಲಿಯೇ. ನಿಮ್ಮ ಕಡೆ ‘ಬರಂಗಿಲ್ಲ’ ಎಂದರೆ ‘ಬರುವುದಿಲ್ಲ’ ಎಂದಷ್ಟೇ ಅರ್ಥ. ಬೆಂಗಳೂರು ಮೈಸೂರುಗಳ ಕಡೆ ‘ಬರೋ ಹಂಗಿಲ್ಲ’ ಎಂದರೆ ‘ಬರುವುದಕ್ಕೆ ಅಪ್ಪಣೆಯಿಲ್ಲ’ ಅಥವಾ ‘ಬರುವ ಸ್ಥಿತಿಯಿಲ್ಲ’ ಎಂದಾಗುತ್ತದೆ. ನೀವು ನಿಮ್ಮ ನಿರ್ಧಾರವನ್ನು ತಿಳಿಸಿದಿರಿ, ಅವರಿಗೆ ನಿಷೇಧ ಕೇಳಿಸಿತು. ಅವರಾಗಿದ್ದರೆ ‘ಬರಲ್ಲ’ ಎನ್ನುತ್ತಿದ್ದರು. ಕರಾವಳಿಯವರಾಗಿದ್ದರೆ ‘ಬರುದಿಲ್ಲ’ ಎನ್ನುತ್ತಿದ್ದರು.

ಇಂಥ ಜೋಡಿಗಳು ಇನ್ನೂ ಇವೆ. ನಿಮ್ಮ ಕಡೆಯ ‘ಅಪ್ಪ ಬಂದಾನ’ ಎಂದರೆ ಅಪ್ಪ ಬಂದಿದ್ದಾನೆ, ಒಳಗೆ ಕುಳಿತಿದ್ದಾನೆ. ಅದನ್ನು ಕೇಳಿದ ದಕ್ಷಿಣದವರಿಗೆ ಪುಸ್ತಕದಲ್ಲಿ ಓದಿದ ‘ಬಂದಾನು’ ನೆನಪಾಗಿ, ಬಂದರೂ ಬರಬಹುದು ಎಂದು ಅನ್ನಿಸೀತು. ‘ಇದೆ’ ಎಂಬ ಒಂದು ಮಾತಿಗೇ ಐತೆ, ಐತಿ, ಅದೆ, ಉಂಟು ಎಂದು ಊರೂರಿಗೆ ಬೇರೆ ರೂಪಗಳಿವೆ. ಅವು ಅರ್ಥಕ್ಕೆ ತೊಡಕು ತರುವುದಿಲ್ಲ, ಕಿವಿ ಎರಡೇ ದಿನದಲ್ಲಿ ಒಗ್ಗಿಕೊಳ್ಳುತ್ತದೆ. ಎಚ್ಚರ ಬೇಕಾದದ್ದು ಒಂದೇ ರೂಪಕ್ಕೆ ಎರಡು ಅರ್ಥವಿರುವ ಕಡೆ ಮಾತ್ರ. ನೀವು ನಿಮ್ಮ ಮಾತನ್ನು ಬಿಡಬೇಕಾಗಿಲ್ಲ. ರಜೆ ಕೇಳುವಾಗ ‘ಬರೂದಿಲ್ರೀ’ ಎನ್ನಿ. ಅದೂ ನಿಮ್ಮ ಕಡೆಯ ಮಾತೇ, ಇವರಿಗೂ ಸರಿಯಾಗಿ ಕೇಳಿಸುತ್ತದೆ.

ಪ್ರಶ್ನೆ: ಆಡುವುದು ಒಂದು, ಬರೆಯುವುದು ಇನ್ನೊಂದು ಎಂಬ ತಾಪತ್ರಯ ಕನ್ನಡಕ್ಕೆ ಮಾತ್ರವೇ?

ಉತ್ತರ: ಅಲ್ಲ. 1959ರಲ್ಲಿ ಚಾರ್ಲ್ಸ್ ಫರ್ಗ್ಯುಸನ್ ಎಂಬ ಭಾಷಾವಿಜ್ಞಾನಿ ಅರಬ್ಬಿ, ಗ್ರೀಕ್, ಸ್ವಿಟ್ಜರ್ಲೆಂಡಿನ ಜರ್ಮನ್, ಹೈಟಿಯ ಕ್ರಿಯೋಲ್ ಇವುಗಳನ್ನು ಮುಂದಿಟ್ಟುಕೊಂಡು ಈ ಸ್ಥಿತಿಗೆ ‘ಡೈಗ್ಲಾಸಿಯಾ’ ಎಂಬ ಹೆಸರನ್ನು ನೆಲೆಗೊಳಿಸಿದರು. ಗ್ರೀಸ್ ದೇಶ 1976ರಲ್ಲಿ ಗ್ರಾಂಥಿಕ ರೂಪವನ್ನು ಕೈಬಿಟ್ಟು ಜನರ ಮಾತನ್ನೇ ಆಡಳಿತಕ್ಕೂ ಶಾಲೆಗೂ ತಂದಿತು. ನಮ್ಮ ನೆರೆಯ ತೆಲುಗಿನಲ್ಲಿ ಗಿಡುಗು ರಾಮಮೂರ್ತಿಯವರು ವ್ಯಾವಹಾರಿಕ ಭಾಷೆಗಾಗಿ ಬಾಳೆಲ್ಲ ಹೋರಾಡಿದರು. ಅವರು ಹುಟ್ಟಿದ ಆಗಸ್ಟ್ 29 ಇಂದು ತೆಲುಗು ಭಾಷಾ ದಿನ. ತಮಿಳಿನಲ್ಲಿ ಈ ಅಂತರ ನಮಗಿಂತ ಹೆಚ್ಚು. ನಮ್ಮದು ನಡುವಿನ ಸ್ಥಿತಿ.

ಪ್ರಶ್ನೆ: ಸರ್ಕಾರಿ ಕಚೇರಿಯಲ್ಲಿ ಸುತ್ತೋಲೆ, ಪ್ರಕಟಣೆಗಳನ್ನು ಕನ್ನಡದಲ್ಲಿ ಸಿದ್ಧಪಡಿಸುವ ಕೆಲಸ ನನ್ನದು. ವ್ಯಾಕರಣದ ತಪ್ಪಿಲ್ಲದೆ ಬರೆಯುತ್ತೇನೆ, ಆದರೂ ಓದಿದವರು ‘ಏನು ಹೇಳಿದ್ದೀರಿ’ ಎಂದು ಬಂದು ಕೇಳುತ್ತಾರೆ. ಆಡುಮಾತಿನಲ್ಲಿಯೇ ಬರೆದುಬಿಡಬೇಕೇ?

ಉತ್ತರ: ಬೇಡ. ನೀವು ಕಳುಹಿಸಿರುವ ಮಾದರಿಯನ್ನೇ ಇಲ್ಲಿ ಓದುಗರ ಮುಂದಿಡುತ್ತೇನೆ: ‘ಅರ್ಜಿದಾರರಿಂದ ಸಲ್ಲಿಸಲ್ಪಟ್ಟ ದಾಖಲೆಗಳು ಪರಿಶೀಲಿಸಲ್ಪಟ್ಟ ನಂತರ ಮತ್ತು ನಿಗದಿತ ಶುಲ್ಕವು ಪಾವತಿಸಲ್ಪಟ್ಟ ನಂತರ ಪ್ರಮಾಣಪತ್ರವು ನೀಡಲ್ಪಡುತ್ತದೆ.’ ಇದರಲ್ಲಿರುವುದು ಬರಹದ ಕನ್ನಡವೂ ಅಲ್ಲ, ಇಂಗ್ಲಿಷ್ ವಾಕ್ಯದ ಮೇಲೆ ಕನ್ನಡದ ಪದಗಳನ್ನು ಹೊದಿಸಿದ್ದು. ಇದನ್ನೇ ಹೀಗೆ ಬರೆದರೆ ಹೇಗಿರುತ್ತದೆ ನೋಡಿ: ‘ಅರ್ಜಿಯ ಜೊತೆಗೆ ಕೊಟ್ಟ ದಾಖಲೆಗಳನ್ನು ಪರಿಶೀಲಿಸಿ, ನಿಗದಿಯಾದ ಶುಲ್ಕ ಕಟ್ಟಿಸಿಕೊಂಡು, ಪ್ರಮಾಣಪತ್ರ ಕೊಡಲಾಗುತ್ತದೆ.’ ಇದರಲ್ಲಿ ಒಂದೂ ಆಡುಮಾತಿನ ರೂಪವಿಲ್ಲ. ಎಲ್ಲವೂ ಶಿಷ್ಟವಾಗಿಯೇ ಇದೆ. ಆದರೆ ವಾಕ್ಯದ ನಡಿಗೆ ಮಾತಿನದು.

ಮಾತಿನ ನಡಿಗೆ ಎಂದರೇನು ಎಂಬುದನ್ನು ಎರಡು ಮೂರು ಕಡೆ ಕೈಯಿಟ್ಟು ತೋರಿಸಬಹುದು. ಮೊದಲನೆಯದು ‘ಅಲ್ಪಟ್ಟ’. ಯಾವ ಊರಿನ ಯಾವ ಕನ್ನಡಿಗರೂ ಬಾಯಲ್ಲಿ ‘ಬಾಗಿಲು ನನ್ನಿಂದ ತೆರೆಯಲ್ಪಟ್ಟಿತು’ ಎನ್ನುವುದಿಲ್ಲ. ಮಾಡಿದವರ ಹೆಸರು ಬೇಡವೆಂದಾಗ ‘ತೆರೆದಿದೆ’, ‘ತೆರೆದರು’, ‘ತೆರೆಯಲಾಯಿತು’ ಎಂಬ ದಾರಿಗಳು ಇದ್ದೇ ಇವೆ. ಎರಡನೆಯದು ‘ಮತ್ತು’. ಒಂದು ಗಂಟೆ ಹೊತ್ತು ಜನರ ಮಾತಿಗೆ ಕಿವಿಗೊಡಿ, ಎರಡು ಕೆಲಸಗಳನ್ನು ‘ಮತ್ತು’ ಎಂದು ಸೇರಿಸುವವರು ಸಿಗುವುದು ಅಪರೂಪ. ‘ಅಣ್ಣನೂ ತಮ್ಮನೂ ಬಂದರು’ ಎಂದು ಉಕಾರ ಎಳೆಯುತ್ತೇವೆ. ‘ಎದ್ದು, ಮುಖ ತೊಳೆದು, ಬಟ್ಟೆ ಹಾಕಿಕೊಂಡು ಹೊರಟ’ ಎಂದು ಕೃದಂತಗಳನ್ನು ಸರಪಳಿಯಂತೆ ಪೋಣಿಸುತ್ತೇವೆ. ನಮ್ಮ ವಾಕ್ಯ ಎಷ್ಟು ಉದ್ದವಾದರೂ ಮುರಿಯದಿರುವುದು ಈ ಸರಪಳಿಯಿಂದ.

ಮೂರನೆಯದು ನನಗೆ ಎಲ್ಲಕ್ಕಿಂತ ಇಷ್ಟವಾದದ್ದು, ಏಕೆಂದರೆ ಆಡುಮಾತಿನಲ್ಲಿ ಎಷ್ಟು ಸೂಕ್ಷ್ಮವಾದ ವ್ಯಾಕರಣ ಅಡಗಿದೆ ಎನ್ನುವುದನ್ನು ಅದು ತೋರಿಸುತ್ತದೆ. ದ್ವಿತೀಯಾ ವಿಭಕ್ತಿಗೆ ‘ಅನ್ನು’ ಎಂದು ಶಾಲೆಯಲ್ಲಿ ಕಲಿತಿದ್ದೇವೆ, ಬರೆಯುವಾಗ ಕರ್ಮಪದ ಕಂಡಲ್ಲೆಲ್ಲ ಅದನ್ನು ಅಂಟಿಸುತ್ತೇವೆ. ಆಡುವಾಗ ಹಾಗೆ ಮಾಡುವುದಿಲ್ಲ. ‘ಪುಸ್ತಕ ಓದಿದೆ’, ‘ಕಾಗದ ಬರೆದೆ’, ‘ಬಾಗಿಲು ಹಾಕಿದೆ’ ಎನ್ನುತ್ತೇವೆ, ಪ್ರತ್ಯಯ ಬೇಕಿಲ್ಲ. ಆದರೆ ‘ಅಣ್ಣ ಕರೆದೆ’ ಎಂದು ಯಾರಾದರೂ ಅನ್ನುತ್ತಾರೆಯೇ? ಸಾಧ್ಯವೇ ಇಲ್ಲ, ‘ಅಣ್ಣನ್ನ ಕರೆದೆ’ ಎಂದೇ ಅನ್ನಬೇಕು. ಕರ್ಮವಾಗಿ ನಿಂತದ್ದು ಮನುಷ್ಯರಾದರೆ ಪ್ರತ್ಯಯ ಕಡ್ಡಾಯ, ಜೀವವಿಲ್ಲದ ವಸ್ತುವಾದರೆ ಸಾಮಾನ್ಯವಾಗಿ ಬೇಡ. ಮನುಷ್ಯರು ಕೆಲಸ ಮಾಡುವವರೂ ಆಗಿರಬಹುದು, ಕೆಲಸಕ್ಕೆ ಒಳಗಾಗುವವರೂ ಆಗಿರಬಹುದು, ಗುರುತು ಹಾಕದಿದ್ದರೆ ಗೊಂದಲ; ಪುಸ್ತಕ ತಾನಾಗಿ ಏನನ್ನೂ ಓದುವುದಿಲ್ಲ, ಗುರುತು ಏಕೆ? ಈ ನಿಯಮವನ್ನು ನಮಗೆ ಯಾರೂ ಕಲಿಸಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಯೂ ಇದನ್ನು ಒಮ್ಮೆಯೂ ತಪ್ಪುವುದಿಲ್ಲ. ನಮ್ಮ ವ್ಯಾಕರಣಗಳು ಸಂಸ್ಕೃತದ ಅಚ್ಚಿನಲ್ಲಿ ಎರಕವಾದವು, ಕನ್ನಡದ ಒಳಗಿನ ಕಟ್ಟನ್ನು ಅವು ಪೂರ್ತಿ ಕಾಣಲಿಲ್ಲ ಎಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಬಹುಕಾಲ ವಾದಿಸಿದರು. ಬರಹದಿಂದ ಮಹಾಪ್ರಾಣಗಳನ್ನು ಕೈಬಿಡಬೇಕೆಂಬ ಅವರ ಸಲಹೆಯನ್ನು ನಾನು ಒಪ್ಪಲಾರೆ, ಆದರೆ ಈ ಮಾತಿನಲ್ಲಿ ಅವರು ಹೇಳಿದ್ದು ಸರಿ.

ಆದ್ದರಿಂದ ನೀವು ಪ್ರಕಟಣೆಯನ್ನು ಬರೆದಮೇಲೆ ಒಮ್ಮೆ ಗಟ್ಟಿಯಾಗಿ ಓದಿ. ಎಲ್ಲಿ ನಾಲಗೆ ತಡವರಿಸುತ್ತದೆಯೋ ಅಲ್ಲಿ ವಾಕ್ಯವನ್ನು ಬಿಚ್ಚಿ, ಎದುರಿಗೆ ನಿಂತವರಿಗೆ ಹೇಳುವುದಾದರೆ ಯಾವ ಕ್ರಮದಲ್ಲಿ ಹೇಳುತ್ತಿದ್ದೆ ಎಂದು ಯೋಚಿಸಿ, ಆ ಕ್ರಮವನ್ನು ಇಟ್ಟುಕೊಂಡು ರೂಪಗಳನ್ನು ಮಾತ್ರ ಬರಹಕ್ಕೆ ತಿದ್ದಿಕೊಳ್ಳಿ.

ಪ್ರಶ್ನೆ: ನನ್ನ ತಾಯಿನುಡಿ ಬೇರೆ. ಪುಸ್ತಕದಿಂದ ಕನ್ನಡ ಕಲಿತು ‘ನೀವು ಎಲ್ಲಿಗೆ ಹೋಗುತ್ತಿದ್ದೀರಿ?’ ಎಂದು ಕೇಳಿದರೆ ಜನ ನಾಟಕದ ಮಾತು ಎಂದು ನಗುತ್ತಾರೆ. ಯಾವ ಕನ್ನಡ ಕಲಿಯಬೇಕು?

ಉತ್ತರ: ಮೊದಲು ಕಿವಿಯಿಂದ ಕಲಿಯಿರಿ, ಆಮೇಲೆ ಕಣ್ಣಿನಿಂದ. ವಿಲಿಯಂ ಬ್ರೈಟ್ ಎಂಬ ಅಮೆರಿಕದ ವಿದ್ವಾಂಸರು 1958ರಷ್ಟು ಹಿಂದೆಯೇ ಆಡುಗನ್ನಡಕ್ಕೆ ಬೇರೆಯಾಗಿ ವ್ಯಾಕರಣ ಬರೆದಿದ್ದರು; ಕಲಿಸುವ ಪುಸ್ತಕಗಳು ಮಾತ್ರ ಇಂದಿಗೂ ಹೆಚ್ಚಾಗಿ ಬರಹದಿಂದಲೇ ಶುರುವಾಗುತ್ತವೆ.

ಪುಸ್ತಕದಿಂದ ಮಾತಿಗೆ ಇಳಿಯುವ ಒಂದು ಕೀಲಿಯನ್ನು ಹೇಳುತ್ತೇನೆ, ಬೆಂಗಳೂರಿನ ಕಡೆಯ ಮಾತಿಗೆ ಅದು ಬಹುಪಾಲು ಸಾಕಾಗುತ್ತದೆ. ಪದದ ನಡುವೆ ಬರುವ ಹ್ರಸ್ವ ಸ್ವರವನ್ನು ಬಿಟ್ಟುಬಿಡುತ್ತೇವೆ: ಹುಡುಗ ಹುಡ್ಗ ಆಗುತ್ತಾನೆ, ಕೆಲಸ ಕೆಲ್ಸ ಆಗುತ್ತದೆ, ಮಾಡುತ್ತಾರೆ ಮಾಡ್ತಾರೆ ಆಗುತ್ತದೆ. ಆದರೆ ಪದದ ಮೊದಲ ಸ್ವರವನ್ನು ಎಂದೂ ಬಿಡುವುದಿಲ್ಲ. ದೀರ್ಘವನ್ನು ಬಿಡುವುದಿಲ್ಲ, ‘ವಿಚಾರ’ದ ನಡುವಿನ ದೀರ್ಘ ಯಾರ ಬಾಯಲ್ಲಿಯೂ ಬೀಳದು. ಒತ್ತಕ್ಷರದ ಮೇಲಿನ ಸ್ವರವನ್ನೂ ಮುಟ್ಟುವುದಿಲ್ಲ. ‘ಅವನಿಗೆ’ ಎಂಬುದು ‘ಅವ್ನಿಗೆ’ ಆಗುತ್ತದೆ, ಆದರೆ ‘ಅಪ್ಪನಿಗೆ’ ಎಂಬಲ್ಲಿ ಒತ್ತನ್ನು ದಾಟಿ ಮುಂದೆ ಹೋಗಿ ‘ಅಪ್ಪಂಗೆ’ ಎನ್ನುತ್ತೇವೆ. ನೀವು ಕೇಳಿದ ವಾಕ್ಯ ‘ಎಲ್ಲಿಗ್ ಹೋಗ್ತಿದೀರ?’ ಎಂದಾಗುತ್ತದೆ. ಹೆಚ್ಚಿನ ಪಕ್ಷ ನಿಮ್ಮನ್ನು ನೋಡಿ ನಕ್ಕವರಿಗೆ ತಾವು ಇಷ್ಟು ನಿಯಮಗಳನ್ನು ಪಾಲಿಸುತ್ತಿದ್ದೇವೆಂದು ತಿಳಿದೇ ಇರಲಾರದು. ಬೇರೆ ನುಡಿಯ ಮನೆಯಿಂದ ಬಂದು ನಮ್ಮ ಪುಸ್ತಕದ ಕನ್ನಡವನ್ನು ತಪ್ಪಿಲ್ಲದೆ ಆಡುವವರನ್ನು ಕಂಡು ನಗುವುದು ಸಲ್ಲದು; ನಕ್ಕವರ ಪರವಾಗಿ ನಾನು ಕ್ಷಮೆ ಕೇಳುತ್ತೇನೆ.

ಪ್ರಶ್ನೆ: ಕಥೆ ಬರೆಯುತ್ತೇನೆ. ಪಾತ್ರಗಳ ಸಂಭಾಷಣೆಯನ್ನು ನಮ್ಮೂರ ಮಾತಿನಲ್ಲಿಯೇ ಬರೆಯಬೇಕೆಂಬ ಆಸೆ, ಆದರೆ ಅಕ್ಷರಗಳಲ್ಲಿ ಮೂಡಿಸಿದರೆ ಓದಲು ತೊಡಕಾಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. ಪರಿಹಾರವೇನು?

ಉತ್ತರ: ಆಸೆಯನ್ನು ಬಿಡಬೇಡಿ. ಕೈಲಾಸಂ ಅವರು ಬೆಂಗಳೂರಿನ ಮನೆಮಾತನ್ನು ರಂಗದ ಮೇಲೆ ತಂದರು, ಬೇಂದ್ರೆಯವರು ಧಾರವಾಡದ ಮಾತಿನಲ್ಲಿ ಕಾವ್ಯ ಕಟ್ಟಿದರು, ದೇವನೂರ ಮಹಾದೇವ ಅವರು ನಂಜನಗೂಡು ಸೀಮೆಯ ಮಾತಿನಲ್ಲಿ ಕಥನವನ್ನೇ ನಡೆಸಿದರು. ಓದುಗರು ಮೊದಲು ಎಡವಿದರೂ ಆಮೇಲೆ ಆ ದನಿಗಳನ್ನು ಕೈಬಿಡಲಿಲ್ಲ.

ತೊಡಕು ಬರುವುದು ಬಿದ್ದುಹೋದ ಪ್ರತಿಯೊಂದು ಸ್ವರವನ್ನೂ ಬರಹದಲ್ಲಿ ತೋರಿಸಹೊರಟಾಗ. ‘ನಾನ್ ಅವ್ನ್ಗ್ ಯೇಳ್ದೆ’ ಎಂದು ಬರೆದರೆ ಕಣ್ಣು ಮೂರು ಕಡೆ ನಿಲ್ಲುತ್ತದೆ. ‘ನಾನು ಅವನ್ಗೆ ಯೇಳ್ದೆ’ ಎಂದರೆ ಸಾಕು; ‘ಯೇಳ್ದೆ’ ಎಂಬ ಒಂದು ಪದ ಇಡೀ ವಾಕ್ಯದ ದನಿಯನ್ನು ಓದುಗರ ಕಿವಿಗೆ ತಲುಪಿಸುತ್ತದೆ, ಉಳಿದದ್ದನ್ನು ಅವರೇ ತುಂಬಿಕೊಳ್ಳುತ್ತಾರೆ. ಉಚ್ಚಾರಣೆಗಿಂತ ಹೆಚ್ಚಾಗಿ ನೀವು ಹಿಡಿಯಬೇಕಾದದ್ದು ಬರಹದಲ್ಲಿ ಜೊತೆಯೇ ಇಲ್ಲದ ಸಣ್ಣ ಮಾತುಗಳನ್ನು. ‘ಬಾ ಕಣೋ’ ಎಂಬಲ್ಲಿಯ ‘ಕಣೋ’, ‘ಹೌದು ಮಾರಾಯ’ ಎಂಬಲ್ಲಿಯ ‘ಮಾರಾಯ’, ‘ಹೇಳಪಾ’ ಎಂಬಲ್ಲಿಯ ‘ಪಾ’ ಇವಕ್ಕೆ ಗ್ರಾಂಥಿಕ ರೂಪಗಳಿಲ್ಲ. ‘ಪುಸ್ತಕ ಗಿಸ್ತಕ ಏನೂ ಇಲ್ಲ’ ಎಂಬಲ್ಲಿಯ ‘ಗಿಸ್ತಕ’ಕ್ಕೂ ಇಲ್ಲ. ಯಾರು ಯಾರಿಗೆ ಎಷ್ಟು ಹತ್ತಿರ, ಯಾರಿಗೆ ಯಾರ ಮೇಲೆ ಸಲಿಗೆ, ಯಾವ ಹೊತ್ತಿನಲ್ಲಿ ಆ ಸಲಿಗೆ ಮುರಿಯಿತು ಎಂಬುದನ್ನೆಲ್ಲ ಇವೇ ಹೇಳುತ್ತವೆ. ಪುಟದ ಉದ್ದಕ್ಕೂ ‘ಬಾ ಕಣೋ’ ಎನ್ನುತ್ತಿದ್ದ ಅಣ್ಣ, ಜಗಳವಾದ ಮಾರನೆಯ ದಿನ ಬಾಗಿಲಲ್ಲಿ ನಿಂತು ‘ಬನ್ನಿ’ ಎಂದರೆ ನೀವು ಇನ್ನ್ಯಾವ ವಿವರಣೆಯನ್ನೂ ಬರೆಯಬೇಕಾಗಿಲ್ಲ.